ಎಂಟರ್‌ಪ್ರೈಸ್ ಆರ್ಕಿಟೆಕ್ಚರ್: ಚೌಕಟ್ಟು ಮತ್ತು ವಿಧಾನ

ಒಂದು ಸಂಸ್ಥೆ ಮಾಡುವ ಕೆಲಸಗಳು, ಆ ಕೆಲಸಗಳಿಗೆ ಬೇಕಾದ ಮಾಹಿತಿ, ಮಾಹಿತಿಯನ್ನು ಇಟ್ಟು ನಡೆಸುವ ತಂತ್ರಾಂಶಗಳು, ಆ ತಂತ್ರಾಂಶಗಳಿಗೆ ಆಧಾರವಾದ ಯಂತ್ರ ಮತ್ತು ಜಾಲ, ಇವು ಈಗ ಹೇಗೆ ಹೆಣೆದುಕೊಂಡಿವೆ, ಮುಂದೆ ಹೇಗೆ ಹೆಣೆದುಕೊಳ್ಳಬೇಕು ಎಂಬುದನ್ನು ತೋರಿಸುವ ಒಟ್ಟು ವಿನ್ಯಾಸಕ್ಕೆ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಎಂದು ಹೆಸರು. ಇಲ್ಲಿ ಎಂಟರ್‌ಪ್ರೈಸ್ ಎಂದರೆ ಲಾಭಕ್ಕಾಗಿ ನಡೆಯುವ ಕಂಪನಿ ಮಾತ್ರವಲ್ಲ. ಸಮಾನ ಉದ್ದೇಶಕ್ಕಾಗಿ ದುಡಿಯುವ ಯಾವ ಕೂಟವೂ ಎಂಟರ್‌ಪ್ರೈಸ್ ಆಗಬಹುದು: ಬ್ಯಾಂಕು, ಆಸ್ಪತ್ರೆ, ಸರ್ಕಾರದ ಇಲಾಖೆ, ನಾಲ್ಕಾರು ಇಲಾಖೆಗಳು ಸೇರಿ ಜನರಿಗೆ ಕೊಡುವ ಒಂದು ಸೇವೆ. ಈ ವಿನ್ಯಾಸವನ್ನು ಮನಸ್ಸಿಗೆ ತೋಚಿದಂತೆ ಬರೆಯದೆ, ಯಾವ ಪ್ರಶ್ನೆಯನ್ನು ಯಾವಾಗ ಕೇಳಬೇಕು, ಉತ್ತರವನ್ನು ಯಾವ ರೂಪದಲ್ಲಿ ದಾಖಲಿಸಬೇಕು, ಅದಕ್ಕೆ ಯಾರ ಒಪ್ಪಿಗೆ ಬೇಕು ಎಂಬ ಕ್ರಮವನ್ನು ಹಾಕಿಕೊಡುವುದು ಚೌಕಟ್ಟು. ಝಾಕ್‌ಮನ್ ಚೌಕಟ್ಟು, ಟೋಗಾಫ್, ಅಮೆರಿಕ ಸರ್ಕಾರದ ಫೆಡರಲ್ ಚೌಕಟ್ಟು, ಭಾರತದ ಇಂಡ್‌ಇಎ ಇವುಗಳಲ್ಲಿ ಮುಖ್ಯವಾದವು. ಓಪನ್ ಗ್ರೂಪ್ ಪ್ರಕಟಿಸುವ ಟೋಗಾಫ್ ಹೆಚ್ಚು ಪ್ರಚಾರದಲ್ಲಿರುವುದರಿಂದ ಈ ಲೇಖನದಲ್ಲಿ ಅದಕ್ಕೆ ಹೆಚ್ಚಿನ ಜಾಗ ಕೊಡಲಾಗಿದೆ.

ಏಕೆ ಬೇಕು

ಇಂಥ ವಿನ್ಯಾಸದ ಅಗತ್ಯವನ್ನು ತಿಳಿಯಲು ಕರ್ನಾಟಕದ ಭೂದಾಖಲೆಗಳ ಕಂಪ್ಯೂಟರೀಕರಣವನ್ನು ನೋಡಬಹುದು. ಜಮೀನು ಕೊಂಡವರು ಕ್ರಯಪತ್ರ ನೋಂದಾಯಿಸುವುದು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ. ಪಹಣಿಯಲ್ಲಿ ಹೆಸರು ಬದಲಾಗುವುದು ತಾಲ್ಲೂಕು ಕಚೇರಿಯಲ್ಲಿ. ಅಳತೆ, ಪೋಡಿ, ನಕ್ಷೆ ಸರ್ವೆ ಇಲಾಖೆಯ ಕೆಲಸ. 'ಭೂಮಿ' ಯೋಜನೆ 2000ದ ದಶಕದ ಆರಂಭದಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ನೋಂದಣಿಗೆ 'ಕಾವೇರಿ', ಸರ್ವೆ ಅರ್ಜಿಗಳಿಗೆ 'ಮೋಜಿಣಿ' ಬೇರೆ ಬೇರೆ ಸಮಯದಲ್ಲಿ, ಬೇರೆ ಬೇರೆ ತಂತ್ರಾಂಶಗಳಾಗಿ ಬಂದವು. ಪ್ರತಿಯೊಂದೂ ತನ್ನ ಕಚೇರಿಯ ಕೆಲಸವನ್ನು ಹಗುರ ಮಾಡಿತು. ಆದರೆ ಮೂರರಲ್ಲಿಯೂ ಇರುವುದು ಅದೇ ಜಮೀನು. ಹಳೆಯ ಕ್ರಯಪತ್ರದಲ್ಲಿ ಅದು ಗುರುತಾಗುವುದು ಚಕ್ಕುಬಂದಿಯಿಂದ, ಪಹಣಿಯಲ್ಲಿ ಸರ್ವೆ ನಂಬರು ಮತ್ತು ಹಿಸ್ಸೆಯಿಂದ, ನಕ್ಷೆಯಲ್ಲಿ ಗೆರೆ ಮತ್ತು ಅಳತೆಯಿಂದ. ಒಂದು ಕಚೇರಿಯ ದಾಖಲೆ ಇನ್ನೊಂದಕ್ಕೆ ಅರ್ಥವಾಗದಿದ್ದರೆ ನಡುವೆ ಅಲೆಯಬೇಕಾದವನು ರೈತ. ಆದ್ದರಿಂದ ನೋಂದಣಿಯಾದ ವಿವರ 'ಜೆ' ನಮೂನೆಯಾಗಿ ತಾಲ್ಲೂಕು ಕಚೇರಿಗೆ ಕಂಪ್ಯೂಟರಿನಲ್ಲೇ ಹೋಗುವಂತೆ, ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಮಾರುವಾಗ ನೋಂದಣಿಗೆ ಮುಂಚೆ 11ಇ ನಕ್ಷೆ ಸಿದ್ಧವಿರುವಂತೆ, ಈ ವ್ಯವಸ್ಥೆಗಳನ್ನು ಬೆಸೆಯುವ ಕೆಲಸ ಆಮೇಲೆ ನಡೆಯಿತು.

ಭೂಮಿಯಂಥ ಯೋಜನೆಯನ್ನು ಒಟ್ಟು ವಿನ್ಯಾಸ ಸಿದ್ಧವಾಗುವವರೆಗೆ ತಡೆಹಿಡಿಯಬೇಕಿತ್ತೆಂದು ಇದರ ಅರ್ಥವಲ್ಲ. ಹಾಗೆ ಕಾದಿದ್ದರೆ ಕೈಬರಹದ ಪಹಣಿ ಇನ್ನೂ ಬಹುಕಾಲ ಉಳಿಯುತ್ತಿತ್ತು. ಆದರೆ ಜಮೀನನ್ನು ಎಲ್ಲ ಕಡೆ ಯಾವ ಗುರುತಿನಿಂದ ಕರೆಯಬೇಕು, ಆ ಗುರುತಿನ ಒಡೆತನ ಯಾವ ಇಲಾಖೆಯದು ಎಂಬ ಒಂದೆರಡು ತೀರ್ಮಾನಗಳನ್ನು ಕಟ್ಟುವ ಮೊದಲು ಮಾಡಲು ತಗಲುವ ಶ್ರಮಕ್ಕೂ ಕಟ್ಟಿದ ಮೇಲೆ ಮಾಡಲು ತಗಲುವ ಶ್ರಮಕ್ಕೂ ಅಜಗಜಾಂತರವಿದೆ. ಯಾವುದು ಎಲ್ಲರಿಗೂ ಸಮಾನವಾಗಿರಬೇಕು, ಯಾವುದನ್ನು ಅವರವರ ಪಾಡಿಗೆ ಬಿಡಬಹುದು ಎಂಬ ಒಪ್ಪಂದವೇ ಎಂಟರ್‌ಪ್ರೈಸ್ ಆರ್ಕಿಟೆಕ್ಚರಿನ ತಿರುಳು. ಚೌಕಟ್ಟುಗಳು ಹೇಳುವ ಹಂತ, ನಕ್ಷೆ, ಕೋಷ್ಟಕಗಳೆಲ್ಲ ಈ ಒಪ್ಪಂದಕ್ಕೆ ಬರಲು ಮತ್ತು ಬಂದ ಮೇಲೆ ಅದನ್ನು ಕಾಪಾಡಲು ಇರುವ ಸಾಧನಗಳು.

ಬೆಳೆದುಬಂದ ಬಗೆ

ಈ ಚಿಂತನೆಯ ಬೇರು ಐಬಿಎಂ ಕಂಪನಿ 1970ರ ದಶಕದಲ್ಲಿ ಗ್ರಾಹಕರಿಗೆ ಕಲಿಸುತ್ತಿದ್ದ 'ಬಿಸಿನೆಸ್ ಸಿಸ್ಟಮ್ಸ್ ಪ್ಲಾನಿಂಗ್' ವಿಧಾನದಲ್ಲಿದೆ. ಇಲಾಖೆಗೊಂದು ತಂತ್ರಾಂಶ ಬರೆಸುವ ಮುನ್ನ ಸಂಸ್ಥೆಯ ಕಾರ್ಯಗಳನ್ನು ಒಂದು ಕಡೆ, ಅವು ಬಳಸುವ ಮಾಹಿತಿಯ ಬಗೆಗಳನ್ನು ಇನ್ನೊಂದು ಕಡೆ ಇಟ್ಟು ಕೋಷ್ಟಕ ಮಾಡಬೇಕು, ಯಾವ ಮಾಹಿತಿಯನ್ನು ಯಾವ ಕಾರ್ಯ ಹುಟ್ಟಿಸುತ್ತದೆ, ಯಾವುದು ಬಳಸುತ್ತದೆ ಎಂದು ಗುರುತಿಸಬೇಕು ಎಂದು ಅದು ಹೇಳಿತು. ಇಂದಿನ ಚೌಕಟ್ಟುಗಳಲ್ಲಿಯೂ ಈ ಕೋಷ್ಟಕ ಹೆಚ್ಚು ಬದಲಾಗದೆ ಉಳಿದಿದೆ.

ಅದೇ ಕಂಪನಿಯಲ್ಲಿದ್ದ ಜಾನ್ ಝಾಕ್‌ಮನ್ 1987ರಲ್ಲಿ ಐಬಿಎಂ ಸಿಸ್ಟಮ್ಸ್ ಜರ್ನಲ್‌ನಲ್ಲಿ ಪ್ರಕಟಿಸಿದ ಲೇಖನದಿಂದ ಚೌಕಟ್ಟುಗಳ ಕಾಲ ಆರಂಭವಾಯಿತೆನ್ನಬಹುದು. ಮನೆ ಕಟ್ಟುವವರು, ವಿಮಾನ ತಯಾರಿಸುವವರು ಎಂಥ ನಕ್ಷೆಗಳನ್ನು ಬಳಸುತ್ತಾರೆಂದು ಝಾಕ್‌ಮನ್ ಗಮನಿಸಿದರು. ಮನೆಯ ಯಜಮಾನ ನೋಡುವ ಚಿತ್ರ, ವಾಸ್ತುಶಿಲ್ಪಿಯ ನಕ್ಷೆ, ಮೇಸ್ತ್ರಿಯ ಕೈಯಲ್ಲಿರುವ ಹಾಳೆ, ಇವು ಒಂದೇ ಚಿತ್ರದ ಸಣ್ಣ ದೊಡ್ಡ ಪ್ರತಿಗಳಲ್ಲ, ಸ್ವಭಾವದಲ್ಲೇ ಬೇರೆ ಬೇರೆ ಎಂಬುದು ಅವರು ಕಂಡ ಮುಖ್ಯ ಸಂಗತಿ. ಮೊದಲ ಲೇಖನ ಏನು, ಹೇಗೆ, ಎಲ್ಲಿ ಎಂಬ ಮೂರು ಪ್ರಶ್ನೆಗಳನ್ನು, ಅಂದರೆ ಮಾಹಿತಿ, ಕಾರ್ಯ, ಜಾಲ ಎಂಬ ಮೂರು ಕಂಬಸಾಲುಗಳನ್ನು ವಿವರಿಸಿತು. 1992ರಲ್ಲಿ ಜಾನ್ ಸೋವಾ ಜೊತೆ ಬರೆದ ಲೇಖನದಲ್ಲಿ ಯಾರು, ಯಾವಾಗ, ಏಕೆ ಎಂಬ ಮೂರೂ ಸೇರಿದವು. ಇಂದಿನ ರೂಪದಲ್ಲಿ ಆರು ಪ್ರಶ್ನೆಗಳನ್ನು ಆರು ದೃಷ್ಟಿಗಳಿಂದ ಕೇಳುವುದರಿಂದ 36 ಮನೆಗಳ ಪಟ್ಟಿಯಾಗುತ್ತದೆ. ಇದು ವಿನ್ಯಾಸದ ವಿವರಣೆಗಳನ್ನು ವಿಂಗಡಿಸುವ ಕಪಾಟು. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ನಂತರ ಮಾಡಬೇಕು ಎಂದು ಝಾಕ್‌ಮನ್ ಚೌಕಟ್ಟು ಹೇಳುವುದಿಲ್ಲ. ಈ ಕೊರತೆಯನ್ನು ತುಂಬಲು ಸ್ಟೀವನ್ ಸ್ಪೀವಾಕ್ 1992ರಲ್ಲಿ ಯೋಜನಾ ವಿಧಾನವೊಂದನ್ನು ಪುಸ್ತಕರೂಪದಲ್ಲಿ ಕೊಟ್ಟರು.

ಇನ್ನೊಂದು ಧಾರೆ ಅಮೆರಿಕದ ರಕ್ಷಣಾ ಇಲಾಖೆಯಿಂದ ಬಂತು. ಅಲ್ಲಿ ತಾಂತ್ರಿಕ ವ್ಯವಸ್ಥೆಗಳನ್ನು ಒಂದು ಶಿಸ್ತಿಗೆ ತರಲು ರೂಪಿಸಿದ 'ಟಾಫಿಮ್' ಚೌಕಟ್ಟನ್ನು ಆಧಾರವಾಗಿಟ್ಟುಕೊಳ್ಳಲು ಆ ಇಲಾಖೆಯೇ ಓಪನ್ ಗ್ರೂಪ್‌ಗೆ ಅನುಮತಿ ಕೊಟ್ಟಿತು. ಅದರ ಮೇಲೆ 1995ರಲ್ಲಿ ಟೋಗಾಫ್‌ನ ಮೊದಲ ಆವೃತ್ತಿ ಹೊರಬಂತು. ಮೊದಲ ಏಳು ಆವೃತ್ತಿಗಳು ಹೆಚ್ಚಾಗಿ ತಂತ್ರಜ್ಞಾನದ ವಿನ್ಯಾಸಕ್ಕೆ ಸೀಮಿತವಾಗಿದ್ದವು. 2002ರ ಎಂಟನೆಯ ಆವೃತ್ತಿ ಸಂಸ್ಥೆಯ ಕಾರ್ಯ, ಮಾಹಿತಿ, ತಂತ್ರಾಂಶಗಳನ್ನೂ ಒಳಗೆ ಸೇರಿಸಿಕೊಂಡಿತು. 2009ರಲ್ಲಿ ಒಂಬತ್ತನೆಯದು, 2011ರಲ್ಲಿ 9.1, 2018ರಲ್ಲಿ 9.2, 2022ರಲ್ಲಿ ಹತ್ತನೆಯ ಆವೃತ್ತಿ ಬಂದವು. ಅಮೆರಿಕದ ಕಾನೂನು ಕೂಡ ಈ ಬೆಳವಣಿಗೆಗೆ ಒತ್ತಾಸೆಯಾಯಿತು. 1996ರ ಕ್ಲಿಂಗರ್-ಕೋಹೆನ್ ಕಾಯ್ದೆ ಫೆಡರಲ್ ಸಂಸ್ಥೆಗಳ ಮುಖ್ಯ ಮಾಹಿತಿ ಅಧಿಕಾರಿಗಳಿಗೆ ಮಾಹಿತಿ ತಂತ್ರಜ್ಞಾನದ ಆರ್ಕಿಟೆಕ್ಚರ್ ರೂಪಿಸುವ ಹೊಣೆ ಹೊರಿಸಿತು. 1999ರಲ್ಲಿ ಫೆಡರಲ್ ಚೌಕಟ್ಟು ಬಂತು. ರಕ್ಷಣಾ ಇಲಾಖೆ ತನ್ನದೇ ಹಾದಿಯಲ್ಲಿ ಮುಂದುವರಿದು 2003ರಲ್ಲಿ ಡಾಡಾಫ್ ಎಂಬ ಚೌಕಟ್ಟನ್ನು ಜಾರಿಗೆ ತಂದಿತು.

ಟೋಗಾಫ್‌ನ ಒಳಗೆ

ಟೋಗಾಫ್ ಆರ್ಕಿಟೆಕ್ಚರನ್ನು ನಾಲ್ಕು ಪದರಗಳಾಗಿ ನೋಡುತ್ತದೆ: ಸಂಸ್ಥೆಯ ಕಾರ್ಯ ಮತ್ತು ಸಾಮರ್ಥ್ಯಗಳು, ದತ್ತಾಂಶ, ತಂತ್ರಾಂಶ, ತಂತ್ರಜ್ಞಾನದ ಬುನಾದಿ. ವಿಧಾನ, ವಿಷಯ, ಆಡಳಿತ ಎಂಬ ಮೂರು ಅಂಗಗಳು ಇದಕ್ಕಿವೆ. ವಿಧಾನವನ್ನು 'ಆರ್ಕಿಟೆಕ್ಚರ್ ಡೆವಲಪ್‌ಮೆಂಟ್ ಮೆಥಡ್' ಅಥವಾ ಎಡಿಎಂ ಎನ್ನುತ್ತಾರೆ. ವಿಷಯಭಾಗ ಯಾವ ಬಗೆಯ ಪಟ್ಟಿ, ಕೋಷ್ಟಕ, ಚಿತ್ರಗಳು ಬೇಕು, ಅವುಗಳಲ್ಲಿ ಬರುವ ಪಾತ್ರಧಾರಿ, ಪ್ರಕ್ರಿಯೆ, ದತ್ತಾಂಶ ಮುಂತಾದವುಗಳ ಸಂಬಂಧ ಏನು ಎಂದು ಹೇಳುತ್ತದೆ. ಆಡಳಿತಭಾಗ ಆರ್ಕಿಟೆಕ್ಚರ್ ತಂಡ, ಮಂಡಳಿ, ಪಾಲನೆಯ ಪರಿಶೀಲನೆ ಇವುಗಳಿಗೆ ಸಂಬಂಧಿಸಿದ್ದು. ಮಾಡಿದ ಕೆಲಸವೆಲ್ಲ ಸೇರುವ ಭಂಡಾರವೊಂದಿರುತ್ತದೆ. ಒಮ್ಮೆ ರೂಪಿಸಿದ ಮಾದರಿ, ಮಾನದಂಡ, ತೀರ್ಮಾನಗಳು ಮುಂದಿನ ಯೋಜನೆಗೆ ಸಿಗಬೇಕೆಂಬುದು ಅದರ ಉದ್ದೇಶ. ಹಳೆಯ ತೀರ್ಮಾನ ಎಲ್ಲಿದೆಯೆಂದು ತಿಳಿಯದೆ ಅದೇ ಚರ್ಚೆಯನ್ನು ಮತ್ತೆ ಮೊದಲಿಂದ ನಡೆಸುವ ಸಂಸ್ಥೆಗಳಿಗೆ ಈ ಭಂಡಾರದ ಬೆಲೆ ಚೆನ್ನಾಗಿ ಗೊತ್ತು.

ಎಡಿಎಂ ಹಂತಗಳು

ಎಡಿಎಂ ಅನ್ನು ಒಂದು ಚಕ್ರದಂತೆ ಚಿತ್ರಿಸುತ್ತಾರೆ. ತಲೆಯ ಮೇಲೆ ಪೂರ್ವಸಿದ್ಧತೆಯ ಹಂತ, ಸುತ್ತಲೂ ಎ ಯಿಂದ ಎಚ್ ವರೆಗೆ ಎಂಟು ಹಂತಗಳು, ನಟ್ಟನಡುವೆ ಬೇಡಿಕೆಗಳ ನಿರ್ವಹಣೆ. ನಡುವಿನದು ಒಮ್ಮೆ ಮುಗಿಸಿ ಬಿಡುವ ಹಂತವಲ್ಲ. ಯಾವ ಹಂತದಲ್ಲಿ ಹೊಸ ಬೇಡಿಕೆ ಹುಟ್ಟಿದರೂ ಅದು ಅಲ್ಲಿಗೆ ಬಂದು, ಬೇರೆ ಹಂತಗಳಿಗೆ ತಲುಪುತ್ತದೆ. ಮುಂದಿನ ವಿವರಣೆಯಲ್ಲಿ ಜಮೀನು ವರ್ಗಾವಣೆಯ ಉದಾಹರಣೆಯನ್ನೇ ಮುಂದುವರಿಸಲಾಗಿದೆ. ಹಂತಗಳು ಅರ್ಥವಾಗಲೆಂದು ಕೊಟ್ಟ ಉದಾಹರಣೆಯಿದು, ಆ ಯೋಜನೆಗಳ ಇತಿಹಾಸವಲ್ಲ.

ಪೂರ್ವಸಿದ್ಧತೆಯಲ್ಲಿ ಮೊದಲು ಎಂಟರ್‌ಪ್ರೈಸಿನ ಎಲ್ಲೆ ಗೊತ್ತುಮಾಡಬೇಕು. ಕಂದಾಯ ಕಚೇರಿಗಳು ಮಾತ್ರವೇ, ನೋಂದಣಿ ಮತ್ತು ಸರ್ವೆಯೂ ಸೇರುತ್ತವೆಯೇ, ಬೆಳೆಸಾಲ ಕೊಟ್ಟು ಪಹಣಿಯಲ್ಲಿ ಋಣ ನಮೂದಿಸುವ ಬ್ಯಾಂಕುಗಳು ಒಳಗೋ ಹೊರಗೋ? ಈ ಪ್ರಶ್ನೆಗೆ ಸಿಗುವ ಉತ್ತರದ ಮೇಲೆ ಮುಂದಿನ ಎಲ್ಲವೂ ನಿಂತಿದೆ. ತತ್ತ್ವಗಳನ್ನು ಬರೆಯುವುದೂ ಇಲ್ಲಿಯೇ. ಪ್ರತಿ ತತ್ತ್ವಕ್ಕೂ ಹೆಸರು, ಹೇಳಿಕೆ, ಕಾರಣ, ಪರಿಣಾಮ ಎಂಬ ನಾಲ್ಕು ಭಾಗಗಳಿರಬೇಕೆಂದು ಟೋಗಾಫ್ ಹೇಳುತ್ತದೆ. ನಾಲ್ಕನೆಯದೇ ಮುಖ್ಯ. "ದತ್ತಾಂಶವನ್ನು ಎಲ್ಲರೂ ಹಂಚಿಕೊಳ್ಳಬೇಕು" ಎನ್ನುವುದಕ್ಕೆ ಯಾರೂ ಬೇಡವೆನ್ನುವುದಿಲ್ಲ. ಅದರ ಪರಿಣಾಮವಾಗಿ ಒಂದು ಕಚೇರಿ ತನ್ನ ದಾಖಲೆಯ ನಮೂನೆಯನ್ನು ಬದಲಿಸಿಕೊಳ್ಳಬೇಕು, ತನ್ನ ಸರ್ವರಿನ ಬಾಗಿಲನ್ನು ಇನ್ನೊಂದು ಕಚೇರಿಗೆ ತೆರೆಯಬೇಕು ಎಂದು ಬರೆದಾಗ ನಿಜವಾದ ಚರ್ಚೆ ಶುರುವಾಗುತ್ತದೆ. ಪರಿಣಾಮ ಬರೆಯದ ತತ್ತ್ವ ಗೋಡೆಗೆ ಅಂಟಿಸುವ ಘೋಷಣೆಯಾಗಿ ಉಳಿಯುತ್ತದೆ.

ಎ ಹಂತ ಆರ್ಕಿಟೆಕ್ಚರಿನ ದರ್ಶನಕ್ಕೆ ಮೀಸಲು. ಯಾರು ಈ ಕೆಲಸವನ್ನು ಕೇಳಿದರು, ಯಾರಿಗೆ ಇದರಿಂದ ಏನಾಗಬೇಕು, ಯಾರು ವಿರೋಧಿಸಬಹುದು ಎಂದು ಪಟ್ಟಿಮಾಡಿ, ಮುಗಿದಾಗ ಸ್ಥಿತಿ ಹೇಗಿರಬೇಕೆಂದು ಕೆಲವೇ ಪುಟಗಳಲ್ಲಿ ಹೇಳಬೇಕು. ಕೊನೆಯಲ್ಲಿ ಕೆಲಸದ ಹೇಳಿಕೆಪತ್ರಕ್ಕೆ ಅಧಿಕಾರವುಳ್ಳವರ ಸಹಿ ಬೀಳಬೇಕು. ಸಹಿ ಇಲ್ಲದೆ ಮುಂದುವರಿದ ಯೋಜನೆಗಳು ಅಧಿಕಾರಿ ಬದಲಾದ ದಿನವೇ ನಿಂತುಹೋಗುವ ಅಪಾಯ ಹೆಚ್ಚು.

ಬಿ, ಸಿ, ಡಿ ಹಂತಗಳು ನಾಲ್ಕು ಪದರಗಳನ್ನು ಮೇಲಿಂದ ಕೆಳಗೆ ಇಳಿಯುತ್ತವೆ: ಬಿ ಯಲ್ಲಿ ಕಾರ್ಯ, ಸಿ ಯಲ್ಲಿ ದತ್ತಾಂಶ ಮತ್ತು ತಂತ್ರಾಂಶ, ಡಿ ಯಲ್ಲಿ ತಂತ್ರಜ್ಞಾನ. ಎಲ್ಲ ಕಡೆ ಕ್ರಮ ಒಂದೇ. ಈಗಿರುವ ಸ್ಥಿತಿಯನ್ನು ಬರೆಯುವುದು, ಬೇಕಾದ ಸ್ಥಿತಿಯನ್ನು ಬರೆಯುವುದು, ನಡುವಿನ ಅಂತರವನ್ನು ಹುಡುಕುವುದು. ಅನುಭವವಿಲ್ಲದ ತಂಡಗಳು ಈಗಿನ ಸ್ಥಿತಿಯನ್ನು ಪೂರ್ತಿ ದಾಖಲಿಸಲು ಹೊರಟು ತಿಂಗಳುಗಟ್ಟಲೆ ಕಳೆಯುತ್ತವೆ. ಅಷ್ಟರಲ್ಲಿ ಆ ಸ್ಥಿತಿಯೇ ಬದಲಾಗಿರುತ್ತದೆ. ಬದಲಾವಣೆಯ ತೀರ್ಮಾನಕ್ಕೆ ಎಷ್ಟು ಬೇಕೋ ಅಷ್ಟನ್ನೇ ಬರೆಯಬೇಕೆಂಬ ಎಚ್ಚರಿಕೆ ಇಲ್ಲಿ ಅಗತ್ಯ.

ಬಿ ಹಂತದಲ್ಲಿ ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಸಾಮರ್ಥ್ಯಗಳ ನಕ್ಷೆ. ಸಂಸ್ಥೆ ಏನನ್ನು ಮಾಡಬಲ್ಲದಾಗಿರಬೇಕು ಎಂಬುದನ್ನು ಅದು ತೋರಿಸುತ್ತದೆ, ಯಾವ ಕಚೇರಿ ಯಾವ ಅಧಿಕಾರಿಯ ಕೈಕೆಳಗಿದೆ ಎಂಬುದನ್ನಲ್ಲ. 'ಹಕ್ಕಿನ ವರ್ಗಾವಣೆಯನ್ನು ದಾಖಲಿಸುವುದು' ಒಂದು ಸಾಮರ್ಥ್ಯ. ಇಲಾಖೆಗಳನ್ನು ಒಡೆದರೂ ಕೂಡಿಸಿದರೂ, ಕಾಗದ ಹೋಗಿ ಕಂಪ್ಯೂಟರು ಬಂದರೂ ಅದು ಉಳಿಯುತ್ತದೆ. ಹಾಗಾಗಿಯೇ ಸಾಮರ್ಥ್ಯ ಗಟ್ಟಿ ಆಧಾರ. ಇದರ ಜೊತೆಗೆ ಜನರಿಗೆ ಪ್ರಯೋಜನ ತಲುಪುವ ಸರಣಿಯನ್ನೂ ಬರೆಯುತ್ತಾರೆ: ಮಾರುವ ಮಾತುಕತೆಯಾದ ಮೇಲೆ ನಕ್ಷೆ, ನೋಂದಣಿ, ನೋಟಿಸು, ಆಕ್ಷೇಪಣೆ, ಹಕ್ಕು ಬದಲಾವಣೆ, ಕೊನೆಗೆ ಹೊಸ ಪಹಣಿ.

ಸಿ ಹಂತದ ದತ್ತಾಂಶ ಭಾಗ ಇಡೀ ವಿಧಾನದ ಅತ್ಯಂತ ಕಷ್ಟದ, ಅತ್ಯಂತ ಬೆಲೆಬಾಳುವ ಭಾಗ. 'ಜಮೀನು', 'ಮಾಲೀಕ', 'ಸ್ವಾಧೀನ' ಎಂಬ ಪದಗಳಿಗೆ ಮೂರು ಕಚೇರಿಗಳಲ್ಲಿ ಒಂದೇ ಅರ್ಥವಿದೆಯೇ? ಒಬ್ಬ ರೈತನ ಹೆಸರು ಒಂದು ಕಡೆ ಅಪ್ಪನ ಹೆಸರಿನೊಡನೆ, ಇನ್ನೊಂದು ಕಡೆ ಊರಿನ ಹೆಸರಿನೊಡನೆ, ಮತ್ತೊಂದು ಕಡೆ ಬರೀ ಇನಿಷಿಯಲ್‌ನೊಡನೆ ಇದ್ದರೆ ಅವರು ಒಬ್ಬರೇ ಎಂದು ಯಂತ್ರಕ್ಕೆ ತಿಳಿಯುವುದು ಹೇಗೆ? ಯಾವ ದಾಖಲೆ ಮೂಲ, ಯಾವುದು ಅದರ ನಕಲು? ಮೂಲವನ್ನು ತಿದ್ದುವ ಅಧಿಕಾರ ಯಾರಿಗೆ? ಇವು ತಾಂತ್ರಿಕ ಪ್ರಶ್ನೆಗಳಂತೆ ಕಂಡರೂ ಉತ್ತರ ಇರುವುದು ಕಾನೂನಿನಲ್ಲಿ ಮತ್ತು ಇಲಾಖೆಗಳ ನಡುವಿನ ಮಾತುಕತೆಯಲ್ಲಿ. ಕರ್ನಾಟಕದ 'ಫ್ರೂಟ್ಸ್' ವ್ಯವಸ್ಥೆ ಪ್ರತಿ ರೈತನಿಗೆ ಎಫ್‌ಐಡಿ ಎಂಬ ಗುರುತಿನ ಸಂಖ್ಯೆ ಕೊಟ್ಟು, ಅದನ್ನು ಭೂಮಿಯ ಸರ್ವೆ ನಂಬರುಗಳಿಗೂ ಆಧಾರ್‌ಗೂ ಜೋಡಿಸಿದ್ದು ಇಂಥ ಪ್ರಶ್ನೆಗೆ ಕೊಟ್ಟ ಒಂದು ಉತ್ತರ. ಹಲವು ಇಲಾಖೆಗಳ ಸವಲತ್ತುಗಳು ಆ ಒಂದು ಗುರುತಿನ ಮೇಲೆ ನಡೆಯುವುದು ಸಾಧ್ಯವಾದದ್ದು ಹೀಗೆ. ತಂತ್ರಾಂಶ ಭಾಗ ಇದಕ್ಕಿಂತ ಸುಲಭ. ಯಾವ ತಂತ್ರಾಂಶ ಯಾವ ದತ್ತಾಂಶವನ್ನು ಹುಟ್ಟಿಸುತ್ತದೆ, ಓದುತ್ತದೆ, ತಿದ್ದುತ್ತದೆ ಎಂಬ ಕೋಷ್ಟಕ ಹಾಕಿದರೆ ಒಂದೇ ಕೆಲಸ ಎರಡು ಕಡೆ ನಡೆಯುತ್ತಿರುವುದು ಕಣ್ಣಿಗೆ ಬೀಳುತ್ತದೆ. ಡಿ ಹಂತ ಸರ್ವರು, ಜಾಲ, ಕ್ಲೌಡ್, ಭದ್ರತೆಯ ಸೌಕರ್ಯಗಳಿಗೆ ಸಂಬಂಧಿಸಿದ್ದು.

ಅಂತರ ಹುಡುಕಲು ಟೋಗಾಫ್ ಸರಳವಾದ ಕೋಷ್ಟಕವೊಂದನ್ನು ಸೂಚಿಸುತ್ತದೆ. ಈಗಿರುವ ಘಟಕಗಳನ್ನು ಅಡ್ಡಸಾಲುಗಳಲ್ಲಿ, ಬೇಕಾದ ಘಟಕಗಳನ್ನು ಕಂಬಸಾಲುಗಳಲ್ಲಿ ಬರೆದು, ಕೊನೆಗೆ 'ತೆಗೆದುಹಾಕಿದ್ದು' ಎಂಬ ಕಂಬಸಾಲನ್ನೂ 'ಹೊಸದು' ಎಂಬ ಅಡ್ಡಸಾಲನ್ನೂ ಸೇರಿಸುತ್ತಾರೆ. ಈಗ ಇರುವ ಘಟಕವೊಂದು ಗುರಿಯಲ್ಲಿ ಕಾಣದಿದ್ದರೆ ಅದನ್ನು ಬೇಕೆಂದೇ ಬಿಟ್ಟದ್ದೋ, ಮರೆತದ್ದೋ ಎಂದು ಕೇಳಲೇಬೇಕಾಗುತ್ತದೆ. ಮರೆತದ್ದು ಇಲ್ಲಿ ಸಿಕ್ಕಿಬೀಳುತ್ತದೆ. ಕಾಗದದ ಮೇಲೆ ಸಿಕ್ಕಿಬಿದ್ದರೆ ಒಂದು ಗೆರೆಯಲ್ಲಿ ಸರಿಪಡಿಸಬಹುದು. ಜಾರಿಯಾದ ಮೇಲೆ ಅದು ಕೌಂಟರಿನ ಮುಂದೆ ನಿಂತ ಜನರ ತೊಂದರೆಯಾಗುತ್ತದೆ.

ಇ ಮತ್ತು ಎಫ್ ಹಂತಗಳು ಅಂತರಗಳನ್ನು ಕೆಲಸದ ಕಂತೆಗಳಾಗಿ ಕಟ್ಟುತ್ತವೆ. ಕೊಳ್ಳಬೇಕೋ, ಕಟ್ಟಬೇಕೋ, ಇರುವುದನ್ನೇ ಮರುಬಳಸಬೇಕೋ ಎಂದು ನಿರ್ಧರಿಸಿ, ಪ್ರತಿ ಕಂತೆಯ ಖರ್ಚು, ಪ್ರಯೋಜನ, ಅಪಾಯ, ಅವಲಂಬನೆಗಳನ್ನು ತೂಗಿ ಕ್ರಮಕ್ಕೆ ತರಬೇಕು. ಇಲ್ಲಿ ಟೋಗಾಫ್ ತರುವ 'ಪರಿವರ್ತನಾ ಆರ್ಕಿಟೆಕ್ಚರ್' ಎಂಬ ಕಲ್ಪನೆ ಬಹಳ ಉಪಯುಕ್ತ. ಈಗಿನ ಸ್ಥಿತಿಯಿಂದ ಗುರಿಗೆ ಒಂದೇ ಜಿಗಿತದಲ್ಲಿ ಹೋಗಲಾಗದು. ನಡುವೆ ನಿಲ್ಲಬಹುದಾದ ತಾಣಗಳಿರಬೇಕು, ಪ್ರತಿ ತಾಣದಲ್ಲೂ ವ್ಯವಸ್ಥೆ ಪೂರ್ತಿ ಕೆಲಸ ಮಾಡುತ್ತಿರಬೇಕು, ಅಲ್ಲಿಗೇ ಹಣ ಮುಗಿದರೂ ಜನರಿಗೆ ಏನಾದರೂ ದಕ್ಕಿರಬೇಕು. ಮೊದಲು ಒಂದು ತಾಲ್ಲೂಕು, ಆಮೇಲೆ ಒಂದು ಜಿಲ್ಲೆ, ಅಲ್ಲಿಂದ ರಾಜ್ಯ ಎಂದು ವಿಸ್ತರಿಸುವ ಪದ್ಧತಿಯ ಹಿಂದೆಯೂ ಇಂಥದೇ ವಿವೇಕವಿದೆ.

ಜಿ ಹಂತದಲ್ಲಿ ತಂಡಗಳು ನಿಜಕ್ಕೂ ಕಟ್ಟಲು ತೊಡಗುತ್ತವೆ. ಅವು ಕಟ್ಟುತ್ತಿರುವುದನ್ನು ಆರ್ಕಿಟೆಕ್ಟ್ ಒಪ್ಪಂದದೊಡನೆ ಹೋಲಿಸಿ ನೋಡುತ್ತಾನೆ. ಎಚ್ ಹಂತ ಕಟ್ಟಿದ್ದನ್ನು ಕಾಯುವುದಕ್ಕೆ. ಕಾನೂನಿನ ತಿದ್ದುಪಡಿ, ಹೊಸ ತಂತ್ರಜ್ಞಾನ, ಬಳಕೆದಾರರ ದೂರು ಬಂದಾಗ ಸಣ್ಣ ತಿದ್ದುಪಡಿ ಸಾಕೋ, ಚಕ್ರವನ್ನು ಮತ್ತೆ ಎ ಯಿಂದ ಸುತ್ತಬೇಕೋ ಎಂದು ಇಲ್ಲಿ ತೀರ್ಮಾನವಾಗುತ್ತದೆ.

ಆಡಳಿತ

ಒಪ್ಪಂದ ಕಾಗದದಲ್ಲಿ ಉಳಿಯದೆ ಜಾರಿಗೆ ಬರಲು ಆರ್ಕಿಟೆಕ್ಚರ್ ಮಂಡಳಿ ಬೇಕು. ಅದರಲ್ಲಿ ನಾಲ್ಕೈದು ಖಾಯಂ ಸದಸ್ಯರಿದ್ದರೆ ಸಾಕು, ಹತ್ತನ್ನು ಮೀರಬಾರದು ಎನ್ನುತ್ತದೆ ಟೋಗಾಫ್. ಹೊಸ ಯೋಜನೆ ಆರ್ಕಿಟೆಕ್ಚರಿಗೆ ಎಷ್ಟು ಹೊಂದುತ್ತದೆ ಎಂಬುದನ್ನು ಅಳೆಯಲು ಸಂಬಂಧವೇ ಇಲ್ಲ ಎಂಬುದರಿಂದ ಪೂರ್ಣ ಹೊಂದಿಕೆಯವರೆಗೆ, ಹೊಂದದಿರುವುದೂ ಸೇರಿ, ಆರು ಮಟ್ಟಗಳನ್ನು ಅದು ಗುರುತಿಸುತ್ತದೆ. ನಿಯಮ ಮೀರಲೇಬೇಕಾದ ಸಂದರ್ಭದಲ್ಲಿ ಮಂಡಳಿ ಗೊತ್ತಾದ ಅವಧಿಗೆ ವಿನಾಯಿತಿ ಕೊಡಬಹುದು. ಅವಧಿ ಗೊತ್ತುಮಾಡುವುದು ಮುಖ್ಯ. ಗಡುವಿಲ್ಲದ ವಿನಾಯಿತಿ ಮೆಲ್ಲಗೆ ಹೊಸ ನಿಯಮವಾಗಿಬಿಡುತ್ತದೆ. ಬಜೆಟ್ ಮಂಜೂರಾತಿಯ ದಾರಿಯಲ್ಲಿ ಕೂರದ ಮಂಡಳಿಯ ಮಾತನ್ನು ಯಾರೂ ಕೇಳುವುದಿಲ್ಲ ಎಂಬುದು ಈ ವೃತ್ತಿಯಲ್ಲಿರುವವರ ಸಾಮಾನ್ಯ ಅನುಭವ.

ಚಿತ್ರಭಾಷೆ ಮತ್ತು ಮಾನದಂಡ

ಮನೆಯ ನಕ್ಷೆಯಲ್ಲಿ ಬಾಗಿಲು, ಕಿಟಕಿಗೆ ಗೊತ್ತಾದ ಗುರುತುಗಳಿರುವಂತೆ ಎಂಟರ್‌ಪ್ರೈಸ್ ಆರ್ಕಿಟೆಕ್ಚರಿಗೂ ಚಿತ್ರಭಾಷೆ ಇದೆ. ನೆದರ್‌ಲ್ಯಾಂಡ್ಸ್‌ನಲ್ಲಿ 2002ರಿಂದ 2004ರವರೆಗೆ ನಡೆದ ಸಂಶೋಧನಾ ಯೋಜನೆಯಲ್ಲಿ ಹುಟ್ಟಿದ ಆರ್ಕಿಮೇಟ್ ಭಾಷೆಯನ್ನು 2009ರಲ್ಲಿ ಓಪನ್ ಗ್ರೂಪ್ ಮಾನದಂಡವಾಗಿ ಪ್ರಕಟಿಸಿತು. ಐಎಸ್‌ಒ 42010 ಎಂಬ ಅಂತರರಾಷ್ಟ್ರೀಯ ಮಾನದಂಡ 2007ರಲ್ಲಿ ಬಂದು 2011 ಮತ್ತು 2022ರಲ್ಲಿ ಪರಿಷ್ಕಾರಗೊಂಡಿತು. ಪ್ರತಿ ಚಿತ್ರವೂ ಯಾರದೋ ಒಂದು ಕಾಳಜಿಗೆ ಉತ್ತರವಾಗಿರಬೇಕು ಎಂಬುದು ಅದರ ತಳಹದಿ. ಯಾರೂ ಕೇಳದ ಪ್ರಶ್ನೆಗೆ ಬರೆದ ಚಿತ್ರಕ್ಕೆ ಅದರಲ್ಲಿ ಸ್ಥಾನವಿಲ್ಲ.

ಎಷ್ಟು ಸಮಾನ, ಎಷ್ಟು ಬೇರೆ

ಟೋಗಾಫ್ ಕ್ರಮವನ್ನು ಕೊಡುತ್ತದೆ, ಆದರೆ ಸಂಸ್ಥೆಯ ಭಾಗಗಳು ಎಷ್ಟು ಒಂದಾಗಬೇಕು ಎಂಬ ಮೂಲಪ್ರಶ್ನೆಯನ್ನು ಸಂಸ್ಥೆಯೇ ಉತ್ತರಿಸಿಕೊಳ್ಳಬೇಕು. ಈ ವಿಷಯದಲ್ಲಿ ಎಂಐಟಿಯ ಜೀನ್ ರಾಸ್ ಮತ್ತು ಪೀಟರ್ ವೀಲ್, ಡೇವಿಡ್ ರಾಬರ್ಟ್‌ಸನ್ ಜೊತೆ ಸೇರಿ 2006ರಲ್ಲಿ ಪ್ರಕಟಿಸಿದ ಪುಸ್ತಕ ಸ್ಪಷ್ಟವಾದ ದಾರಿ ತೋರಿಸಿತು. ಅದು ಎರಡು ಪ್ರಶ್ನೆಗಳನ್ನು ಕೇಳುತ್ತದೆ. ಭಾಗಗಳು ಪರಸ್ಪರ ದತ್ತಾಂಶವನ್ನು ಎಷ್ಟು ಹಂಚಿಕೊಳ್ಳಬೇಕು? ಕೆಲಸವನ್ನು ಎಷ್ಟರಮಟ್ಟಿಗೆ ಒಂದೇ ರೀತಿ ಮಾಡಬೇಕು? ಎರಡೂ ಕಡಿಮೆಯಿದ್ದರೆ ಭಾಗಗಳನ್ನು ಅವುಗಳ ಪಾಡಿಗೆ ಬಿಡಬಹುದು. ಹಂಚಿಕೆ ಹೆಚ್ಚು, ಏಕರೂಪತೆ ಕಡಿಮೆ ಇದ್ದರೆ ಹೊಂದಾಣಿಕೆ ಬೇಕು. ಒಂದೇ ಹೆಸರಿನ ಹೋಟೆಲು ಊರೂರಿನಲ್ಲಿ ಶಾಖೆ ತೆರೆದಂತೆ, ಕೆಲಸದ ರೀತಿ ಒಂದೇ ಆಗಿದ್ದು ದತ್ತಾಂಶದ ಹಂಚಿಕೆ ಕಡಿಮೆಯಿದ್ದರೆ ಅದು ಪ್ರತಿರೂಪದ ಮಾದರಿ. ಎರಡೂ ಹೆಚ್ಚಿದ್ದರೆ ಪೂರ್ಣ ಏಕೀಕರಣ. ಜಮೀನಿನ ಉದಾಹರಣೆ ಹೊಂದಾಣಿಕೆಯ ಗುಂಪಿಗೆ ಸೇರುತ್ತದೆ. ನೋಂದಣಿ ಮತ್ತು ಸರ್ವೆಯ ಕೆಲಸಗಳು ಒಂದೇ ರೀತಿ ಆಗಲಾರವು, ಆದರೆ ಅವು ಅದೇ ಜಮೀನಿನ ಬಗ್ಗೆ ಮಾತಾಡಬೇಕು.

ಆಯಾ ಕ್ಷೇತ್ರಕ್ಕೆಂದೇ ರೂಪಿಸಿದ ಮಾದರಿಗಳೂ ಇವೆ. ದೂರಸಂಪರ್ಕ ಕಂಪನಿಗಳಿಗೆ ಟಿಎಂ ಫೋರಂನ ಪ್ರಕ್ರಿಯಾ ನಕ್ಷೆ, ಬ್ಯಾಂಕುಗಳಿಗೆ 2008ರಲ್ಲಿ ಆರಂಭವಾದ ಬಿಯಾನ್ ಒಕ್ಕೂಟದ ಸೇವಾ ಮಾದರಿ ಸಿದ್ಧವಾಗಿ ಸಿಗುತ್ತವೆ. ಇವುಗಳನ್ನು ಎಡಿಎಂನ ಬಿ, ಸಿ ಹಂತಗಳಲ್ಲಿ ಆರಂಭದ ಬಿಂದುವಾಗಿ ಬಳಸಿದರೆ ಬಿಳಿಹಾಳೆಯಿಂದ ಶುರುಮಾಡುವ ಶ್ರಮ ಉಳಿಯುತ್ತದೆ.

ಭಾರತದಲ್ಲಿ

ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಎಂಟರ್‌ಪ್ರೈಸ್ ಆರ್ಕಿಟೆಕ್ಟ್ ಎಂಬ ಹುದ್ದೆಯೂ ಟೋಗಾಫ್ ಪ್ರಮಾಣಪತ್ರವೂ ಚಿರಪರಿಚಿತ. ಸರ್ಕಾರದ ವಲಯದಲ್ಲಿ ಆಂಧ್ರಪ್ರದೇಶ ತನ್ನ 'ಇ-ಪ್ರಗತಿ' ಯೋಜನೆಯನ್ನು ಇಡೀ ರಾಜ್ಯದ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಎಂದೇ ಕರೆದು ರೂಪಿಸಿತು. ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ 2018ರಲ್ಲಿ ಇಂಡ್‌ಇಎ ಚೌಕಟ್ಟನ್ನು ಹೊರತಂದಿತು. ಒಬ್ಬ ನಾಗರಿಕನಿಗೆ ಹತ್ತು ಇಲಾಖೆಗಳು ಹತ್ತು ಸರ್ಕಾರಗಳಂತೆ ಕಾಣದೆ ಒಂದೇ ಸರ್ಕಾರವಾಗಿ ಕಾಣಬೇಕು ಎಂಬುದು ಅದರ ದರ್ಶನ. ಕಾರ್ಯ, ತಂತ್ರಾಂಶ, ದತ್ತಾಂಶ, ತಂತ್ರಜ್ಞಾನ, ಸಾಧನೆಯ ಅಳತೆ, ಭದ್ರತೆ, ಜೋಡಣೆ, ಆಡಳಿತ ಎಂಬ ಎಂಟು ಮಾದರಿಗಳು ಅದರಲ್ಲಿವೆ. ಜೋಡಣೆಗೆ ಪ್ರತ್ಯೇಕ ಮಾದರಿಯನ್ನೇ ಕೊಟ್ಟಿರುವುದು ನಮ್ಮ ಆಡಳಿತದ ಸ್ವರೂಪಕ್ಕೆ ತಕ್ಕದ್ದು. ಕೇಂದ್ರ, ರಾಜ್ಯ, ಸ್ಥಳೀಯ ಸಂಸ್ಥೆಗಳು ತಮ್ಮ ತಮ್ಮ ಕಾನೂನುಬದ್ಧ ಅಧಿಕಾರದಲ್ಲಿ ಕೆಲಸಮಾಡುವ ಕಡೆ ಎಲ್ಲವನ್ನೂ ಒಂದೇ ತಂತ್ರಾಂಶಕ್ಕೆ ತರುವ ಯೋಜನೆ ನಡೆಯದು.

ಈ ದೃಷ್ಟಿ ಆರೋಗ್ಯ ಕ್ಷೇತ್ರದಲ್ಲಿ ಚೆನ್ನಾಗಿ ಕಾಣುತ್ತದೆ. 2019ರ ರಾಷ್ಟ್ರೀಯ ಡಿಜಿಟಲ್ ಆರೋಗ್ಯ ನೀಲನಕ್ಷೆಯೂ ಅದರ ಮೇಲೆ ನಿಂತ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನೂ ಆಸ್ಪತ್ರೆಗಳೆಲ್ಲ ಒಂದೇ ತಂತ್ರಾಂಶ ಬಳಸಬೇಕೆಂದು ಹೇಳಲಿಲ್ಲ. ರೋಗಿಯ ಗುರುತು, ವೈದ್ಯರ ನೋಂದಣಿ, ಆಸ್ಪತ್ರೆಗಳ ನೋಂದಣಿ, ದಾಖಲೆ ಹಂಚಿಕೊಳ್ಳಲು ರೋಗಿಯ ಸಮ್ಮತಿ, ಇಷ್ಟನ್ನು ಸಮಾನವಾಗಿಟ್ಟು ಉಳಿದದ್ದನ್ನು ಬಿಟ್ಟವು. 2022ರಲ್ಲಿ ಮುಂದಿಟ್ಟ ಇಂಡ್‌ಇಎಯ ಎರಡನೆಯ ರೂಪವೂ ಇದೇ ದಿಕ್ಕಿನದು. ಸಂಸ್ಥೆಯೊಂದರ ಆರ್ಕಿಟೆಕ್ಚರ್ ಎಂಬ ಎಲ್ಲೆಯನ್ನು ದಾಟಿ, ಸರ್ಕಾರಿ ಮತ್ತು ಖಾಸಗಿ ಸಂಸ್ಥೆಗಳು ಸೇರಿದ ಇಡೀ ಡಿಜಿಟಲ್ ಪರಿಸರದ ಆರ್ಕಿಟೆಕ್ಚರನ್ನು ಅದು ಚರ್ಚಿಸುತ್ತದೆ.

ಟೀಕೆ ಮತ್ತು ಹೊಂದಿಸಿಕೊಳ್ಳುವಿಕೆ

ಚೌಕಟ್ಟುಗಳ ಮೇಲಿನ ಮೊದಲ ಆರೋಪ ಅವುಗಳ ಭಾರ. ಸೂಚಿಸಿದ ದಾಖಲೆಗಳನ್ನೆಲ್ಲ ತಯಾರಿಸಲು ಹೊರಟರೆ ಆರ್ಕಿಟೆಕ್ಚರ್ ತಂಡ ಕಾಗದ ತುಂಬುವ ವಿಭಾಗವಾಗುತ್ತದೆ. ಕಾನೂನಿನ ಒತ್ತಾಯದಿಂದ ಆರ್ಕಿಟೆಕ್ಚರ್ ಬರೆದ ಅಮೆರಿಕದ ಫೆಡರಲ್ ಸಂಸ್ಥೆಗಳ ವಿಷಯದಲ್ಲಿ ಈ ಟೀಕೆ ಜೋರಾಗಿಯೇ ಕೇಳಿಬಂತು. ವರದಿ ಸಲ್ಲಿಸುವುದು ಗುರಿಯಾಗಿ, ತೀರ್ಮಾನ ಕೈಗೊಳ್ಳುವುದು ಹಿಂದೆ ಬಿತ್ತೆಂದು ಒಳಗಿನವರೇ ಬರೆದರು. ಎರಡನೆಯ ಆರೋಪ ಇನ್ನೂ ಆಳವಾದದ್ದು. ಟೋಗಾಫ್ ಬಳಸುತ್ತೇವೆ ಎನ್ನುವ ಸಂಸ್ಥೆಗಳು ನಿಜದಲ್ಲಿ ಎಡಿಎಂ ಹಂತಗಳನ್ನು ಹಾಗೆಯೇ ಅನುಸರಿಸುವುದಿಲ್ಲ, ಯಶಸ್ವಿಯಾದ ಕಡೆ ನಡೆಯುವುದು ಪುಸ್ತಕದಲ್ಲಿರುವುದಕ್ಕಿಂತ ಬೇರೆ ಎಂದು ಸಂಶೋಧಕ ಸ್ವ್ಯಾಟೊಸ್ಲಾವ್ ಕೊತುಸೆವ್ ವಾದಿಸಿದ್ದಾರೆ. ವಾದದಲ್ಲಿ ಹುರುಳಿದೆ. ಸಾಮರ್ಥ್ಯಗಳ ಒಂದು ಪುಟದ ನಕ್ಷೆ, ಕೆಲವು ತತ್ತ್ವಗಳು, ತಂತ್ರಜ್ಞಾನದ ಮಾನದಂಡಗಳ ಪಟ್ಟಿ, ಮುಂದಿನ ಎರಡು ಮೂರು ವರ್ಷಗಳ ಮಾರ್ಗಸೂಚಿ, ಹೊಸ ಯೋಜನೆಗಳ ಪರಿಶೀಲನೆ, ಇಷ್ಟರಿಂದಲೇ ಬಹುಪಾಲು ಪ್ರಯೋಜನ ಪಡೆಯುವ ಸಂಸ್ಥೆಗಳಿವೆ. ಆದರೆ ಎಡಿಎಂ ತನ್ನನ್ನು ಹಾಗೆಯೇ ಅನುಸರಿಸಬೇಕೆಂದು ಎಲ್ಲಿಯೂ ಹೇಳುವುದಿಲ್ಲ ಎಂಬುದನ್ನೂ ಗಮನಿಸಬೇಕು. ಪೂರ್ವಸಿದ್ಧತೆಯ ಹಂತದ ಒಂದು ಕೆಲಸವೇ ಚೌಕಟ್ಟನ್ನು ಸಂಸ್ಥೆಗೆ ತಕ್ಕಂತೆ ಕತ್ತರಿಸಿಕೊಳ್ಳುವುದು. ಹಂತಗಳ ಕ್ರಮ ಬದಲಿಸಬಹುದು, ಕೂಡಿಸಬಹುದು, ಕೆಲವನ್ನು ಬಿಡಬಹುದು.

ಮೂರನೆಯ ಪ್ರಶ್ನೆ ವೇಗದ್ದು. ಎರಡು ವಾರಕ್ಕೊಮ್ಮೆ ಹೊಸ ಆವೃತ್ತಿ ಬಿಡುಗಡೆ ಮಾಡುವ ಅಜೈಲ್ ತಂಡಗಳಿಗೆ ವರ್ಷದ ಚಕ್ರ ಹೊಂದುವುದಿಲ್ಲ. ಟೋಗಾಫ್‌ನ ಹತ್ತನೆಯ ಆವೃತ್ತಿ ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಪುಸ್ತಕವನ್ನೇ ಎರಡಾಗಿ ಒಡೆಯಿತು. ಬೇಗ ಬದಲಾಗದ ಮೂಲ ವಿಷಯಗಳು ಒಂದು ಕಡೆ, ಅಜೈಲ್, ಭದ್ರತೆ, ಸಾಮರ್ಥ್ಯದ ಯೋಜನೆ ಮುಂತಾದ ಸಂದರ್ಭಗಳಿಗೆ ಪ್ರತ್ಯೇಕವಾಗಿ ಪರಿಷ್ಕರಿಸಬಹುದಾದ ಕೈಪಿಡಿಗಳು ಇನ್ನೊಂದು ಕಡೆ. ಆಚರಣೆಯಲ್ಲಿ ಇದರ ಜೊತೆಗೆ ಮೂರು ಮಟ್ಟಗಳ ವಿಂಗಡಣೆಯೂ ಸೇರುತ್ತದೆ. ಇಡೀ ಸಂಸ್ಥೆಯ ದಿಕ್ಕನ್ನು ಹೇಳುವ ಆರ್ಕಿಟೆಕ್ಚರನ್ನು ತೆಳುವಾಗಿ, ಅಪರೂಪಕ್ಕೊಮ್ಮೆ ಬರೆಯುತ್ತಾರೆ. ಒಂದು ವಿಭಾಗದ್ದನ್ನು ಅದಕ್ಕಿಂತ ವಿವರವಾಗಿ, ಒಂದು ಸಾಮರ್ಥ್ಯದ್ದನ್ನು ಕಟ್ಟುವ ತಂಡದ ಜೊತೆಗೇ ಕೂತು ಬರೆಯುತ್ತಾರೆ. ಎರಡು ವ್ಯವಸ್ಥೆಗಳ ನಡುವೆ ದಾಟುವ ದತ್ತಾಂಶದ ರೂಪವನ್ನು ಮೇಲಿನ ಮಟ್ಟ ಕಟ್ಟುನಿಟ್ಟಾಗಿ ಹಿಡಿದಿಡುತ್ತದೆ, ವ್ಯವಸ್ಥೆಯ ಒಳಗಿನ ರಚನೆಯನ್ನು ತಂಡದ ಕೈಗೆ ಬಿಡುತ್ತದೆ.